ಎರಡು ಕೋರ್ಸು, ಹನ್ನೊಂದೂವರೆ ಗಂಟೆ: ಅರೆಕಾಲಿಕ ವಿದ್ಯಾರ್ಥಿನಿಯ ಒಂದು ಸೆಮಿಸ್ಟರ್‌ನ ಪ್ರಕರಣ ಅಧ್ಯಯನ

ಕೆಲಸ ಮಾಡುತ್ತಲೇ ಓದುವವರಿಗಾಗಿ ಇರುವ ವಿಶ್ವವಿದ್ಯಾಲಯಗಳಲ್ಲಿ ನಡುವೆ ಬಿಟ್ಟುಹೋದವರ ಕಡತ ತೆಗೆದು ನೋಡಿದರೆ ಸಾಮಾನ್ಯವಾಗಿ ಸಿಗುವುದು ಎರಡೇ ಮಾತು: ‘ಸಮಯ ಸಾಲಲಿಲ್ಲ’, ‘ವೈಯಕ್ತಿಕ ಕಾರಣ’. ಈ ಮಾತುಗಳಿಂದ ಮುಂದಿನ ವಿದ್ಯಾರ್ಥಿಗೆ ಏನೂ ಉಪಯೋಗವಿಲ್ಲ. ಎಷ್ಟು ಸಮಯ ಬೇಕಿತ್ತು, ಕೈಯಲ್ಲಿ ಎಷ್ಟಿತ್ತು, ಕೊರತೆ ಯಾವ ವಾರ ಶುರುವಾಯಿತು, ಯಾವ ವಾರ ಕಣ್ಣಿಗೆ ಬಿತ್ತು ಎಂಬುದನ್ನು ಹಿಡಿದರೆ ಮಾತ್ರ ಏನು ಮಾಡಬಹುದಿತ್ತು ಎಂದು ಹೇಳಲು ಸಾಧ್ಯ. ಇಲ್ಲಿ ಅದನ್ನೇ ಮಾಡಿದ್ದೇವೆ.

ಇಲ್ಲಿನ ವಿದ್ಯಾರ್ಥಿನಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಅರೆಕಾಲಿಕ ಕಲಿಕೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂದರ್ಭವನ್ನು ಪೂರ್ತಿ ಲೆಕ್ಕದೊಂದಿಗೆ ತೋರಿಸಲೆಂದು ಕಟ್ಟಿದ ಮಾದರಿ ಪ್ರಕರಣ ಇದು. ಅಂಕ, ಗಡುವು, ದಂಡದ ನಿಯಮಗಳು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ತರಹ ಇರುತ್ತವೆ. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲ ಕಡೆ ಒಂದೇ.

ಹಿನ್ನೆಲೆ

ಆಕೆ ದೊಡ್ಡ ಗೋದಾಮೊಂದರ ಲೆಕ್ಕಪತ್ರ ವಿಭಾಗದಲ್ಲಿ ಪೂರ್ಣಾವಧಿ ನೌಕರಿಯಲ್ಲಿದ್ದಾರೆ. ವಾರಕ್ಕೆ ಐದು ದಿನ, ದಿನಕ್ಕೆ ಒಂಬತ್ತು ಗಂಟೆ ಕೆಲಸ. ಹೋಗಿಬರಲು ದಿನಕ್ಕೆ ಎರಡು ಗಂಟೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಿಂದೆ ಮಾಡಿದ್ದ ಡಿಪ್ಲೊಮಾದ 60 ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯ ಮಾನ್ಯ ಮಾಡಿದ್ದರಿಂದ, 180 ಕ್ರೆಡಿಟ್‌ಗಳ ಪದವಿಯಲ್ಲಿ 120 ಮಾತ್ರ ಉಳಿದಿತ್ತು. ಮೊದಲ ಸೆಮಿಸ್ಟರ್‌ಗೆ ಎರಡು ಕೋರ್ಸ್ ತೆಗೆದುಕೊಂಡರು: ಸಂಖ್ಯಾಶಾಸ್ತ್ರ ಮತ್ತು ನಿರ್ವಹಣಾ ತತ್ವಗಳು. ತಲಾ 6 ಕ್ರೆಡಿಟ್.

ಪೂರ್ಣಾವಧಿ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ 30 ಕ್ರೆಡಿಟ್ ಓದುತ್ತಾನೆ. ತಾನು ತೆಗೆದುಕೊಂಡದ್ದು 12, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಹಗುರವೇ ಇರಬೇಕು ಎಂದು ಆಕೆ ಭಾವಿಸಿದರು. ನೋಂದಣಿ ಕೌಂಟರಿನಲ್ಲಿ ಯಾರೂ ಬೇರೆ ಲೆಕ್ಕ ಹೇಳಲಿಲ್ಲ.

ಕ್ರೆಡಿಟ್ ಅನ್ನು ಗಂಟೆಗೆ ಬದಲಾಯಿಸುವುದು

ಅರೆಕಾಲಿಕ ವಿದ್ಯಾರ್ಥಿ ಶುಲ್ಕ ಕಟ್ಟುವ ಮೊದಲೇ ಮಾಡಬೇಕಾದ ಕೆಲಸ ಇದು. ಕ್ರೆಡಿಟ್ ಎಂಬುದು ಅಂಕವಲ್ಲ, ಕಲಿಕೆಗೆ ಬೇಕೆಂದು ಅಂದಾಜು ಮಾಡಿದ ಗಂಟೆಗಳ ಮೂಟೆ. ಮೂಟೆಯ ಗಾತ್ರ ಎಲ್ಲ ಕಡೆ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಒಂದು ಕ್ರೆಡಿಟ್ ಎಂದರೆ 10 ಗಂಟೆ. ಯುರೋಪಿನ ದೇಶಗಳು ಕ್ರೆಡಿಟ್ ಎಣಿಸಲು, ವರ್ಗಾಯಿಸಲು ಬಳಸುವ ಇಸಿಟಿಎಸ್ ಪದ್ಧತಿಯಲ್ಲಿ 25ರಿಂದ 30 ಗಂಟೆ. ಭಾರತದ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) 30 ಗಂಟೆ. ಒಂದು ಕಡೆಯ ‘30 ಕ್ರೆಡಿಟ್’ ಇನ್ನೊಂದು ಕಡೆ 10ರಷ್ಟೇ ಆಗಬಹುದು. ಕರಪತ್ರದಲ್ಲಿ ಬರೆದ ಕ್ರೆಡಿಟ್ ಸಂಖ್ಯೆ ನೋಡಿ ಹೋಲಿಸಿದರೆ ಮೋಸಹೋಗುತ್ತೇವೆ.

ಈ ಪ್ರಕರಣದಲ್ಲಿ ಒಂದು ಕ್ರೆಡಿಟ್‌ಗೆ 25 ಗಂಟೆ. 6 ಕ್ರೆಡಿಟ್‌ಗೆ 150 ಗಂಟೆ. ಪಾಠ ನಡೆಯುವುದು 15 ವಾರ. ಒಂದು ಕೋರ್ಸಿಗೆ ವಾರಕ್ಕೆ 10 ಗಂಟೆ, ಎರಡಕ್ಕೆ 20 ಗಂಟೆ. ಆ 10 ಗಂಟೆ ಹೀಗೆ ಹಂಚಿಹೋಗುತ್ತದೆ: ಆನ್‌ಲೈನ್ ತರಗತಿ ಒಂದೂವರೆ ಗಂಟೆ, ಪಠ್ಯ ಓದಲು 4 ಗಂಟೆ, ಅಭ್ಯಾಸದ ಪ್ರಶ್ನೆಗಳಿಗೆ ಎರಡೂವರೆ ಗಂಟೆ, ಅಸೈನ್‌ಮೆಂಟ್ ತಯಾರಿಗೆ 2 ಗಂಟೆ.

ಇನ್ನು ಆಕೆಯ ಕಡೆಯ ಲೆಕ್ಕ. ವಾರದ 168 ಗಂಟೆಗಳಲ್ಲಿ ನಿದ್ದೆಗೆ 49, ನೌಕರಿಗೆ 45, ಪ್ರಯಾಣಕ್ಕೆ 10, ಅಡುಗೆ-ಊಟ-ಸ್ನಾನ-ಮನೆಗೆಲಸಕ್ಕೆ 28, ಮಕ್ಕಳಿಗೆ 14. ಒಟ್ಟು 146. ಉಳಿದದ್ದು 22. ಬೇಕಾದದ್ದು 20. ಕಾಗದದ ಮೇಲೆ ಎರಡು ಗಂಟೆ ಮಿಕ್ಕಿತು. ಬಹಳಷ್ಟು ಅರೆಕಾಲಿಕ ವಿದ್ಯಾರ್ಥಿಗಳು ಇಲ್ಲಿಗೇ ಲೆಕ್ಕ ನಿಲ್ಲಿಸಿ ನೋಂದಣಿ ಮಾಡಿಬಿಡುತ್ತಾರೆ.

ಆದರೆ ಆ 22 ಗಂಟೆ ಒಂದೇ ಕಡೆ ಕೂಡಿಬಿದ್ದಿರುವುದಿಲ್ಲ. ಒಂದು ವಾರ ಪೂರ್ತಿ ಕೈಬರಹದಲ್ಲಿ ಬರೆದಿಟ್ಟು ನೋಡಿದರೆ, ಒಮ್ಮೆ ಕೂತರೆ 45 ನಿಮಿಷಕ್ಕಿಂತ ಹೆಚ್ಚು ಕೂರಬಹುದಾದ ಹೊತ್ತು ಇಷ್ಟೇ: ಸೋಮವಾರ 1 ಗಂಟೆ, ಮಂಗಳವಾರ ಒಂದೂವರೆ, ಬುಧವಾರ ಒಂದೂವರೆ, ಗುರುವಾರ 1, ಶುಕ್ರವಾರ ಏನೂ ಇಲ್ಲ, ಶನಿವಾರ ಮೂರೂವರೆ, ಭಾನುವಾರ 3. ಒಟ್ಟು ಹನ್ನೊಂದೂವರೆ ಗಂಟೆ. ಉಳಿದ ಹತ್ತೂವರೆ ಗಂಟೆ 10–25 ನಿಮಿಷದ ಚೂರುಗಳಾಗಿ ವಾರವಿಡೀ ಚೆದುರಿತ್ತು: ಬೆಳಿಗ್ಗೆ ಹೊರಡುವ ಮೊದಲು, ಸಂಜೆಯ ಕೆಲಸಗಳ ನಡುವೆ, ಮಕ್ಕಳು ಮಲಗುವ ಹೊತ್ತಿಗೆ. ಹೊಸ ಪಾಠ ಅರ್ಥಮಾಡಿಕೊಳ್ಳಲು, ಲೆಕ್ಕ ಬಿಡಿಸಲು, ಬರೆಯಲು ಈ ಚೂರುಗಳು ಆಗಿಬರುವುದಿಲ್ಲ. ಪುಸ್ತಕ ತೆರೆದು ಹಿಂದಿನ ಎಳೆ ಹಿಡಿಯುವಷ್ಟರಲ್ಲೇ ಹತ್ತು ನಿಮಿಷ ಹೋಗಿರುತ್ತದೆ.

20 ಬೇಕು, ಹನ್ನೊಂದೂವರೆ ಇದೆ. ವಾರಕ್ಕೆ ಎಂಟೂವರೆ ಗಂಟೆ ಕೊರತೆ. ಕಾಯಿಲೆ, ಓವರ್‌ಟೈಮ್, ಸೋಮಾರಿತನ ಯಾವುದೂ ಇಲ್ಲದ ವಾರದಲ್ಲೂ ಇಷ್ಟು ಕೊರತೆ. ಮುಂದೆ ನಡೆದದ್ದೆಲ್ಲವೂ ಇದರ ಮೇಲೆ ನಿಂತಿದೆ.

ಮೊದಲ ಮೂರು ವಾರ: ಕಾಣದ ಸಾಲ

ಮೊದಲ ಮೂರು ವಾರ ಎಲ್ಲ ಸರಿಯಾಗಿಯೇ ನಡೆದಂತಿತ್ತು. ಎರಡೂ ತರಗತಿಗಳಿಗೆ ಹಾಜರಿ, ಎರಡೂ ಪುಸ್ತಕಗಳ ಓದು ಕ್ರಮವಾಗಿ ಸಾಗಿತ್ತು. ಮನೆಯವರಿಗೂ ಖುಷಿ. ಲೆಕ್ಕ ನೋಡಿದರೆ ತರಗತಿಗೆ 3 ಗಂಟೆ, ಓದಿಗೆ 8 ಗಂಟೆ, ಒಟ್ಟು 11. ಇದ್ದ ಹನ್ನೊಂದೂವರೆ ಗಂಟೆ ಅಲ್ಲಿಗೇ ಮುಗಿಯಿತು. ಅಭ್ಯಾಸದ ಪ್ರಶ್ನೆಗಳು ಮತ್ತು ಅಸೈನ್‌ಮೆಂಟ್ ತಯಾರಿ, ಅಂದರೆ ವಾರಕ್ಕೆ ಒಂಬತ್ತು ಗಂಟೆಯ ಕೆಲಸ, ಮೂರು ವಾರವೂ ಮುಂದಕ್ಕೆ ಹೋಯಿತು. ಮೂರನೇ ವಾರದ ಕೊನೆಗೆ ಆಕೆ ಸುಮಾರು 25 ಗಂಟೆ ಹಿಂದೆ ಬಿದ್ದಿದ್ದರು. ಅದು ಆಕೆಗೂ ಗೊತ್ತಿರಲಿಲ್ಲ, ವಿಶ್ವವಿದ್ಯಾಲಯದ ಪೋರ್ಟಲ್‌ಗೂ ಗೊತ್ತಿರಲಿಲ್ಲ. ಪೋರ್ಟಲ್ ಎಣಿಸುವುದು ಲಾಗಿನ್ ಮತ್ತು ಹಾಜರಿಯನ್ನು. ಎರಡೂ ನೂರಕ್ಕೆ ನೂರು ಇದ್ದವು.

ಓದುವುದು ಮತ್ತು ಕೇಳುವುದು ಮಾತ್ರ ನಡೆದು, ಬಿಡಿಸುವುದು ಮತ್ತು ಬರೆಯುವುದು ನಿಂತರೆ ‘ಅರ್ಥವಾಗುತ್ತಿದೆ’ ಎಂಬ ಭಾವನೆ ಮಾತ್ರ ಬೆಳೆಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದು ಬಹಳ ಅಪಾಯ. ಸಂಭವನೀಯತೆಯ ಲೆಕ್ಕಗಳನ್ನು ಕೈಯಾರೆ ಬಿಡಿಸದೆ ಇದ್ದರೆ ನಾರ್ಮಲ್ ವಿತರಣೆಯ ಕೋಷ್ಟಕ ಓದಲು ಬರುವುದಿಲ್ಲ. ಕೋಷ್ಟಕ ಬಾರದಿದ್ದರೆ ಮಾದರಿ ಸರಾಸರಿಯ ಹಂಚಿಕೆ ತಲೆಗೆ ಹತ್ತುವುದಿಲ್ಲ. ಅದಿಲ್ಲದೆ ವಿಶ್ವಾಸ ಮಧ್ಯಂತರವೂ ಇಲ್ಲ, ಊಹಾಪರೀಕ್ಷೆಯೂ ಇಲ್ಲ. ನಿರ್ವಹಣಾ ತತ್ವಗಳಲ್ಲಿ ಹಾಗಲ್ಲ. ಯೋಜನೆಯ ಅಧ್ಯಾಯ ತಪ್ಪಿದವರೂ ನಾಯಕತ್ವದ ಅಧ್ಯಾಯ ಓದಬಹುದು. ಎರಡು ಕೋರ್ಸ್‌ಗಳ ಈ ಸ್ವಭಾವಭೇದವೇ ಮುಂದಿನ ತೀರ್ಮಾನಕ್ಕೆ ಆಧಾರವಾಯಿತು.

ನಾಲ್ಕು ಮತ್ತು ಐದನೇ ವಾರ

ನಾಲ್ಕನೇ ವಾರದ ಶುಕ್ರವಾರ ನಿರ್ವಹಣೆಯ ಮೊದಲ ಅಸೈನ್‌ಮೆಂಟ್‌ಗೆ ಕೊನೆಯ ದಿನ. ಒಟ್ಟು ಅಂಕದ ಶೇ. 20 ಅದಕ್ಕೆ. ಆ ವಾರದ ಹೊತ್ತನ್ನೆಲ್ಲ ಅದಕ್ಕೇ ಹಾಕಿ ಸಮಯಕ್ಕೆ ಸಲ್ಲಿಸಿದರು. ನಂತರ ಬಂದ ಅಂಕ 68. ಅದರ ಬೆಲೆಯಾಗಿ ಸಂಖ್ಯಾಶಾಸ್ತ್ರದ ನಾಲ್ಕನೇ ವಾರದ ಓದು ಪೂರ್ತಿ ಬಿಟ್ಟುಹೋಯಿತು.

ಐದನೇ ವಾರ ಸೋಮವಾರದಿಂದ ಬುಧವಾರದವರೆಗೆ ಗೋದಾಮಿನಲ್ಲಿ ದಾಸ್ತಾನು ಎಣಿಕೆ. ಮೂರು ದಿನವೂ ರಾತ್ರಿ ಒಂಬತ್ತರವರೆಗೆ ಕೆಲಸ. ಎರಡೂ ತರಗತಿ ತಪ್ಪಿದವು. ಗುರುವಾರ ಕಿರಿಯ ಮಗುವಿಗೆ ಜ್ವರ. ಭಾನುವಾರ ಸಂಖ್ಯಾಶಾಸ್ತ್ರದ ಮೊದಲ ಅಸೈನ್‌ಮೆಂಟ್‌ಗೆ ಗಡುವು; ಅದಕ್ಕೆ ಶೇ. 15 ಅಂಕ. ಆರು ಪ್ರಶ್ನೆಗಳಲ್ಲಿ ನಾಲ್ಕು ಮಾತ್ರ ಆಗಿದ್ದವು. ಅರೆಬರೆ ಕಳಿಸುವುದು ಬೇಡ ಎಂದು ಆಕೆ ಕಳಿಸಲೇ ಇಲ್ಲ.

ಮಗುವಿನ ಜ್ವರ ಯಾರಿಗೂ ಮೊದಲೇ ಗೊತ್ತಾಗುವುದಲ್ಲ. ದಾಸ್ತಾನು ಎಣಿಕೆಯ ದಿನಾಂಕ ಹಾಗಲ್ಲ, ವರ್ಷದ ಆರಂಭದಲ್ಲೇ ಗೋಡೆಗೆ ಅಂಟಿಸಿದ್ದು. ಕಚೇರಿಯ ಕ್ಯಾಲೆಂಡರ್ ಮತ್ತು ವಿಶ್ವವಿದ್ಯಾಲಯದ ಕ್ಯಾಲೆಂಡರ್ ಎರಡನ್ನೂ ಒಂದೇ ಹಾಳೆಯ ಮೇಲೆ ಇಳಿಸಿ ನೋಡಲು ಅರ್ಧ ಗಂಟೆ ಸಾಕಿತ್ತು. ಹಾಗೆ ಇಳಿಸಿದ್ದರೆ ಐದನೇ ವಾರದ ಡಿಕ್ಕಿ ಮೊದಲ ದಿನವೇ ಕಾಣುತ್ತಿತ್ತು.

ಇನ್ನು ‘ಅರೆಬರೆ ಕಳಿಸುವುದು ಬೇಡ’ ಎಂಬ ನಿರ್ಧಾರ. ಈ ಸೆಮಿಸ್ಟರ್‌ನಲ್ಲಿ ಅತಿ ದುಬಾರಿ ಬಿದ್ದದ್ದು ಇದೇ. ಸಂಖ್ಯಾಶಾಸ್ತ್ರದ ಅಂಕವಿಭಾಗ ಹೀಗಿತ್ತು: ಎರಡು ಅಸೈನ್‌ಮೆಂಟ್‌ಗೆ ತಲಾ 15, ಕಿರುಪರೀಕ್ಷೆಗಳಿಗೆ 10, ಅಂತಿಮ ಪರೀಕ್ಷೆಗೆ 60. ತೇರ್ಗಡೆಗೆ ಒಟ್ಟು 40, ಅಂತಿಮ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಶೇ. 40. ನಾಲ್ಕೇ ಪ್ರಶ್ನೆ ಬರೆದು ಒಂದೊಂದಕ್ಕೆ ಶೇ. 70 ಬಂದಿದ್ದರೂ ಒಟ್ಟಾರೆ ಶೇ. 47 ಆಗುತ್ತಿತ್ತು, 15ಕ್ಕೆ 7 ಅಂಕ. ಆಗ ಉಳಿದ 85ರಲ್ಲಿ 33 ಗಳಿಸಿದರೆ ಸಾಕು, ಅಂದರೆ ಶೇ. 39. ಸೊನ್ನೆ ಬಿದ್ದರೆ ಉಳಿದ 85ರಲ್ಲಿ 40 ಬೇಕು, ಶೇ. 47. ಕೈಯಲ್ಲಿದ್ದ ನಾಲ್ಕು ಉತ್ತರಗಳನ್ನು ಅಪ್‌ಲೋಡ್ ಮಾಡಲು ಬೇಕಿದ್ದುದು ಐದು ನಿಮಿಷ. ಅರೆಕಾಲಿಕ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಮ್ಮ ಕೆಲಸದಲ್ಲಿ ನುರಿತವರು. ಅಪೂರ್ಣ ಕಡತವನ್ನು ಮೇಲಧಿಕಾರಿಯ ಮುಂದಿಡಬಾರದು ಎಂಬುದು ಅವರಿಗೆ ಮೈಗೂಡಿದ ಶಿಸ್ತು. ನೌಕರಿಯಲ್ಲಿ ಮೆಚ್ಚುಗೆ ತರುವ ಅದೇ ಶಿಸ್ತು ಇಲ್ಲಿ ಅಂಕ ಕಳೆಯುತ್ತದೆ.

ಗಡುವು ವಿಸ್ತರಣೆಯ ದಾರಿಯೂ ಇತ್ತು. ಗಡುವಿಗೆ ಮುಂಚೆ ಕೇಳಿದರೆ ಏಳು ದಿನದವರೆಗೆ ಕೊಡುವ ಅಧಿಕಾರ ಟ್ಯೂಟರ್‌ಗೆ ಇತ್ತು. ಆಕೆ ಕೇಳಿದ್ದು ಗಡುವು ಮುಗಿದು ಎರಡು ದಿನದ ಮೇಲೆ, ಆರನೇ ವಾರದ ಮಂಗಳವಾರ. ಆಗ ನಿಯಮ ಬೇರೆ: ತಡವಾದ ಪ್ರತಿ ದಿನಕ್ಕೆ 10 ಅಂಕ ಕಡಿತ, ಐದು ದಿನ ದಾಟಿದರೆ ಸೊನ್ನೆ. ಮುಂಚೆ ಕೇಳದಿದ್ದಕ್ಕೆ ಕಾರಣ, ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ ಎಂಬ ಊಹೆ. ಅಂಥ ನಿಯಮವೇ ಇರಲಿಲ್ಲ. ನಿಯಮ ಇದ್ದದ್ದು ಕೈಪಿಡಿಯ ಒಳಪುಟದಲ್ಲಿ. ಗಡುವು ಕಾಣಿಸುವ ಪರದೆಯ ಮೇಲೆ ಅದರ ಸುಳಿವೂ ಇರಲಿಲ್ಲ.

ಎಲ್ಲರೂ ಉಪಯೋಗಿಸಬಹುದಾದ ಮನವಿ ಇಷ್ಟು ಚಿಕ್ಕದು:

‘ನಮಸ್ಕಾರ ಮೇಡಂ. ಭಾನುವಾರದ ಅಸೈನ್‌ಮೆಂಟ್‌ನಲ್ಲಿ ಆರರಲ್ಲಿ ನಾಲ್ಕು ಪ್ರಶ್ನೆ ಮುಗಿದಿವೆ. ಕಚೇರಿಯ ದಾಸ್ತಾನು ಎಣಿಕೆ ಮತ್ತು ಮಗುವಿನ ಅನಾರೋಗ್ಯದಿಂದ ಉಳಿದವು ಆಗಿಲ್ಲ. ಮುಂದಿನ ಶುಕ್ರವಾರದವರೆಗೆ ಸಮಯ ಕೊಡಲು ಕೋರುತ್ತೇನೆ. ಕೊಡಲಾಗದಿದ್ದರೆ ತಿಳಿಸಿ, ಮುಗಿದಷ್ಟನ್ನು ಭಾನುವಾರವೇ ಸಲ್ಲಿಸುತ್ತೇನೆ.’

ಎಷ್ಟು ಆಗಿದೆ, ಏಕೆ ಉಳಿಯಿತು, ಯಾವ ದಿನದವರೆಗೆ ಬೇಕು, ಕೊಡದಿದ್ದರೆ ಏನು ಮಾಡುತ್ತೇನೆ ಎಂಬ ನಾಲ್ಕೂ ಇದರಲ್ಲಿವೆ. ಕ್ಷಮೆ ಕೇಳುವ ಎರಡು ಪುಟದ ಪತ್ರಕ್ಕಿಂತ ಇದಕ್ಕೆ ಬೇಗ ಉತ್ತರ ಬರುತ್ತದೆ, ಏಕೆಂದರೆ ಟ್ಯೂಟರ್ ‘ಆಗಲಿ’ ಎಂದಷ್ಟೇ ಬರೆದರೆ ಸಾಕು.

ಮೊದಲಿನಿಂದ ಹಿಡಿಯುವ ಪ್ರಯತ್ನ

ಆರನೇ ವಾರ ಆಕೆ ಬಿಟ್ಟ ಕಡೆಯಿಂದಲೇ ಶುರುಮಾಡಿದರು. ಐದನೇ ವಾರದ ರೆಕಾರ್ಡಿಂಗ್ ಹಾಕಿಕೊಂಡು ನೋಟ್ಸ್ ಬರೆಯುತ್ತ ಕೂತರು. ಒಂದೂವರೆ ಗಂಟೆಯ ರೆಕಾರ್ಡಿಂಗ್, ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡರೆ ಎರಡೂವರೆ ಗಂಟೆಯಾಗುತ್ತದೆ. ಹಾಗೆ ಎರಡು ರೆಕಾರ್ಡಿಂಗ್ ಮುಗಿಸುವಷ್ಟರಲ್ಲಿ ಆರನೇ ವಾರದ ತರಗತಿಗಳು ನಡೆದುಹೋಗಿದ್ದವು. ‘ಹಿಂದಿನದು ಮುಗಿಯದೆ ಇವತ್ತಿನ ತರಗತಿಗೆ ಕೂತು ಏನು ಪ್ರಯೋಜನ’ ಎಂದು ಆಕೆ ಅವುಗಳಿಗೆ ಸೇರಲಿಲ್ಲ.

ಶಾಲೆಯಿಂದ ಬಂದ ಅಭ್ಯಾಸ ಇದು: ಪಾಠ ಒಂದಾದ ಮೇಲೆ ಎರಡು. ಆದರೆ ವಾರಕ್ಕೆ 20 ಗಂಟೆಯ ಹೊಸ ಕೆಲಸ ಬರುತ್ತಿರುವಾಗ, ಹನ್ನೊಂದೂವರೆ ಗಂಟೆ ಇಟ್ಟುಕೊಂಡು ಹಳೆಯದನ್ನು ತೀರಿಸಲು ಹೊರಟರೆ ಬಾಕಿ ಕರಗುವ ಮಾತೇ ಇಲ್ಲ. ವಾರಕ್ಕೆ ಎಂಟೂವರೆ ಗಂಟೆ ಬೆಳೆಯುತ್ತಲೇ ಹೋಗುತ್ತದೆ. ಜೊತೆಗೆ ಇನ್ನೂ ದೊಡ್ಡ ನಷ್ಟವೊಂದಿದೆ. ನಡೆಯುತ್ತಿರುವ ತರಗತಿಯಿಂದ ಹೊರಗುಳಿದವರಿಗೆ ಟ್ಯೂಟರ್‌ನ ಧ್ವನಿ, ಸಹಪಾಠಿಗಳ ಪ್ರಶ್ನೆ, ಮುಂದಿನ ಗಡುವಿನ ನೆನಪು ಎಲ್ಲವೂ ಒಟ್ಟಿಗೆ ಕಡಿದುಹೋಗುತ್ತವೆ. ಹಿಂದೆ ಬಿದ್ದವರು ಮೊದಲು ಇವತ್ತಿನ ತರಗತಿಗೆ ಸೇರಬೇಕು. ಅರ್ಧ ಅರ್ಥವಾದರೂ ಸರಿ. ಹಳೆಯದು ಆಮೇಲೆ, ಅದರಲ್ಲೂ ಆಯ್ದಷ್ಟೇ.

ಆರನೇ ವಾರದ ಗುರುವಾರ ಆಕೆ ಕೊನೆಯ ಬಾರಿ ಲಾಗಿನ್ ಆದರು. ಅಲ್ಲಿಂದ ಹತ್ತು ದಿನ ಪೋರ್ಟಲ್ ತೆರೆಯಲೇ ಇಲ್ಲ. ತೆರೆದರೆ ಕೆಂಪಕ್ಷರದ ಬಾಕಿಪಟ್ಟಿ ಕಾಣುತ್ತದೆ, ಅದಕ್ಕಾಗಿ ತೆರೆಯುವುದಿಲ್ಲ. ತೆರೆಯದ ಕಾರಣ ಪಟ್ಟಿ ಬೆಳೆಯುತ್ತದೆ. ಮನೆಯವರಿಗೆ ‘ಪರೀಕ್ಷೆ ಇನ್ನೂ ದೂರ ಇದೆ’ ಎಂದು ಹೇಳಿದ್ದರು. ಈ ಹಂತದಲ್ಲಿ ವಿದ್ಯಾರ್ಥಿ ಅನುಭವಿಸುವುದು ಬಹುಪಾಲು ನಾಚಿಕೆ. ಇಷ್ಟು ವಯಸ್ಸಾದ ಮೇಲೆ ಮನೆಯವರ ಹೊತ್ತನ್ನೂ ಹಣವನ್ನೂ ತೆಗೆದುಕೊಂಡು ಓದಲು ಹೊರಟು ಹೀಗಾಯಿತಲ್ಲ ಎಂಬ ಸಂಕಟವನ್ನು ಯಾರೊಂದಿಗೂ ಹೇಳಿಕೊಳ್ಳಲಾಗುವುದಿಲ್ಲ. ಸಹಾಯ ಕೇಳದಿರುವುದಕ್ಕೆ ಅದೇ ಕಾರಣ.

ಒಂದು ಯಂತ್ರದ ಮೇಲ್, ಒಂದು ಮನುಷ್ಯರ ಸಂದೇಶ

ಏಳು ದಿನ ಲಾಗಿನ್ ಇಲ್ಲದಾಗ ವ್ಯವಸ್ಥೆಯಿಂದ ತಾನಾಗಿ ಒಂದು ಮೇಲ್ ಹೋಯಿತು: ‘ನಿಮ್ಮ ಪ್ರಗತಿ ನಿರೀಕ್ಷಿತ ಮಟ್ಟಕ್ಕಿಂತ ಕಡಿಮೆ ಇದೆ. ಕೂಡಲೇ ಪೋರ್ಟಲ್‌ಗೆ ಭೇಟಿ ನೀಡಿ.’ ಆಕೆ ಓದಿದರು, ಮುಚ್ಚಿದರು. ಗೊತ್ತಿದ್ದ ಸಂಗತಿಯನ್ನೇ ಅದು ಮತ್ತೆ ಹೇಳಿತ್ತು. ಮಾಡಬೇಕಾದ ಕೆಲಸವಾಗಿ ತೋರಿಸಿದ್ದೂ ಆಕೆ ಹೆದರುತ್ತಿದ್ದ ಪೋರ್ಟಲನ್ನೇ.

ಶನಿವಾರ ವಿದ್ಯಾರ್ಥಿ ಸಲಹಾ ವಿಭಾಗದಿಂದ ಮೊಬೈಲಿಗೆ ಇನ್ನೊಂದು ಸಂದೇಶ ಬಂತು: ‘ಸೋಮವಾರ ರಾತ್ರಿ 8:30ಕ್ಕೆ 15 ನಿಮಿಷ ಮಾತಾಡೋಣವೇ? ನಾನೇ ಕರೆ ಮಾಡುತ್ತೇನೆ. ಹೌದು, ಅಥವಾ ಬೇರೆ ಸಮಯ ಎಂದಷ್ಟೇ ಬರೆಯಿರಿ.’ ಅದಕ್ಕೆ ಉತ್ತರ ಬಂತು. ಸಮಯ ಕಚೇರಿ ಮುಗಿದ ಮೇಲಿನದು, ಉತ್ತರ ಒಂದೇ ಪದದ್ದು, ಕಾರಣ ಹೇಳಬೇಕಾಗಿರಲಿಲ್ಲ. ಸಹಾಯವಾಣಿ ಹಗಲು ಹತ್ತರಿಂದ ಐದರವರೆಗೆ ಮಾತ್ರ ತೆರೆದಿರುವ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂಬುದನ್ನೇ ಮರೆತಿರುತ್ತದೆ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಮೂಲ 1823ರಲ್ಲಿ ದುಡಿಯುವವರಿಗಾಗಿ ತೆರೆದ ಸಂಸ್ಥೆ. ಅಲ್ಲಿ ಸಂಜೆಯ ಪಾಠವೇ ಮುಖ್ಯ ಪದ್ಧತಿಯಾಗಿ ಬೆಳೆಯಿತು. ಪಾಠಕ್ಕೆ ಅನ್ವಯಿಸಿದ ಆ ವಿವೇಕ ಕಚೇರಿಯ ಕಿಟಕಿಗೂ ಅನ್ವಯಿಸಬೇಕು.

ಎಂಟನೇ ವಾರದ ಸೋಮವಾರದ ಕರೆಯಲ್ಲಿ ಸಲಹೆಗಾರರು ‘ಯಾಕೆ ಹಿಂದೆ ಬಿದ್ದಿರಿ’ ಎಂದು ಕೇಳಲಿಲ್ಲ. ಕೇಳಿದ್ದು ಮೂರು ಪ್ರಶ್ನೆ. ಕಳೆದ ವಾರ ಯಾವ ಯಾವ ದಿನ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಲು ಆಗುತ್ತಿತ್ತು? ಸಲ್ಲಿಸಿದ್ದು ಯಾವುದು, ಬಾಕಿ ಯಾವುದು? ಮುಂದಿನ ಎಂಟು ವಾರದಲ್ಲಿ ಕಚೇರಿಯಲ್ಲಿ ಬಿಗಿಯಾದ ವಾರ ಯಾವುದು? ಹನ್ನೊಂದೂವರೆ ಗಂಟೆಯ ಲೆಕ್ಕ ಹೊರಬಂದದ್ದು ಮೊದಲ ಪ್ರಶ್ನೆಯಿಂದ. ಅದನ್ನು 20ರ ಪಕ್ಕದಲ್ಲಿ ಬರೆದಾಗ ಆಕೆಗೆ ಮೊದಲ ಬಾರಿ ಸಮಾಧಾನವಾಯಿತು. ತಪ್ಪು ತನ್ನ ಬುದ್ಧಿಯದಲ್ಲ ಎಂದು ಅಂಕಿಯೇ ಹೇಳುತ್ತಿತ್ತು.

ಜಾನ್ ಬೀನ್ ಮತ್ತು ಬಾರ್ಬರಾ ಮೆಟ್ಸ್‌ನರ್ 1985ರಲ್ಲಿ, ವಿದ್ಯಾರ್ಥಿಗಳು ಓದು ಬಿಟ್ಟುಹೋಗುವುದೇಕೆ ಎಂಬುದರ ಬಗ್ಗೆ ಮಂಡಿಸಿದ ಮಾದರಿಯ ತಿರುಳೂ ಇದೇ. ವಿನ್ಸೆಂಟ್ ಟಿಂಟೊ 1975ರಲ್ಲಿ ಕೊಟ್ಟ ವಿವರಣೆ ಕಾಲೇಜಿನ ಒಳಗಿನ ಬೆರೆಯುವಿಕೆಗೆ ಒತ್ತು ಕೊಟ್ಟಿತ್ತು. ದೂರದಿಂದ ಬಂದುಹೋಗುವ, ವಯಸ್ಸಾದ, ಅರೆಕಾಲಿಕ ವಿದ್ಯಾರ್ಥಿಗಳ ವಿಷಯದಲ್ಲಿ ನೌಕರಿಯ ಗಂಟೆ, ಕುಟುಂಬದ ಹೊಣೆ, ಹಣಕಾಸು, ಹೊರಗಿನವರ ಪ್ರೋತ್ಸಾಹ ಇವೇ ಹೆಚ್ಚು ತೂಗುತ್ತವೆ ಎಂದು ಬೀನ್ ಮತ್ತು ಮೆಟ್ಸ್‌ನರ್ ವಾದಿಸಿದರು. ಓದಿನಲ್ಲಿ ಚೆನ್ನಾಗಿದ್ದರೂ ಹೊರಗಿನ ಪರಿಸ್ಥಿತಿ ಒದಗದಿದ್ದರೆ ವಿದ್ಯಾರ್ಥಿ ಬಿಟ್ಟುಹೋಗುತ್ತಾರೆ; ಹೊರಗಿನ ಬೆಂಬಲ ಓದಿನ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ.

ಯಾವುದನ್ನು ಬಿಡುವುದು

ದಂಡವಿಲ್ಲದೆ ಒಂದು ಕೋರ್ಸಿನಿಂದ ಹಿಂದೆ ಸರಿಯಲು ಒಂಬತ್ತನೇ ವಾರದ ಕೊನೆಯ ದಿನವೇ ಗಡುವು. ಆಮೇಲೆ ಬಿಟ್ಟರೆ ‘ಅನುತ್ತೀರ್ಣ’ ಎಂದು ದಾಖಲಾಗಿ ಸರಾಸರಿಯನ್ನು ಎಳೆಯುತ್ತದೆ. ಕೈಯಲ್ಲಿದ್ದದ್ದು 13 ದಿನ.

ಸಾಮಾನ್ಯವಾಗಿ ಕೇಳಿಬರುವ ಸಲಹೆ ‘ಮುಂದಿನ ಕೋರ್ಸ್‌ಗಳಿಗೆ ಬೇಕಾದದ್ದನ್ನು ಬಿಡಬೇಡಿ’ ಎಂದು. ಆ ಪ್ರಕಾರ ಸಂಖ್ಯಾಶಾಸ್ತ್ರ ಉಳಿಯಬೇಕಿತ್ತು. ಅದರ ಮೇಲೆ ಮುಂದಿನ ಮೂರು ಕೋರ್ಸ್ ನಿಂತಿವೆ. ಆದರೆ ನಾಲ್ಕರಿಂದ ಏಳನೇ ವಾರದವರೆಗಿನ ಸರಪಳಿ ಕಡಿದಿತ್ತು, ಮೊದಲ ಮೂರು ವಾರದ ಲೆಕ್ಕಗಳೂ ಬಿಡಿಸಿರಲಿಲ್ಲ. ಅಂದರೆ ಮೊದಲಿನಿಂದಲೇ ಶುರುಮಾಡಬೇಕು. ಹೇಗೋ 40 ಗಿಟ್ಟಿಸಿದರೂ ಅಡಿಪಾಯ ಇಲ್ಲದೆ ಮುಂದಿನ ಮೂರು ಕೋರ್ಸ್‌ಗಳಲ್ಲಿ ಮತ್ತೆ ಇದೇ ಕಥೆ. ನಿರ್ವಹಣೆಯಲ್ಲಿ 20ಕ್ಕೆ 13.6 ಆಗಲೇ ಕೈಸೇರಿತ್ತು. ಅಂತಿಮ ಪರೀಕ್ಷೆಯ ಕನಿಷ್ಠ ಶೇ. 40, ಅಂದರೆ 60ಕ್ಕೆ 24 ಬಂದರೆ 37.6, ಎರಡನೇ ಅಸೈನ್‌ಮೆಂಟ್‌ನಲ್ಲಿ 20ಕ್ಕೆ ಎರಡೂವರೆ ಅಂಕ ಬಂದರೂ ದಡ ಸೇರಬಹುದು.

ಒಂದು ವಿಷಯ ಖಚಿತ ಮಾಡಿಕೊಳ್ಳುವುದು ಉಳಿದಿತ್ತು: ಸಂಖ್ಯಾಶಾಸ್ತ್ರ ಮುಂದಿನ ಸೆಮಿಸ್ಟರ್‌ನಲ್ಲೇ ಮತ್ತೆ ಇರುತ್ತದೆಯೇ? ಕೆಲವು ಕಡೆ ಒಂದು ಕೋರ್ಸ್ ವರ್ಷಕ್ಕೆ ಒಮ್ಮೆ ಮಾತ್ರ ನಡೆಯುತ್ತದೆ. ಹಾಗಿದ್ದರೆ ನಷ್ಟ ಒಂದು ವರ್ಷ, ತೀರ್ಮಾನವೂ ಬೇರೆಯಾಗಬಹುದು. ಇಲ್ಲಿ ಎರಡೂ ಸೆಮಿಸ್ಟರ್‌ನಲ್ಲಿತ್ತು. ಕಟ್ಟಿದ ಶುಲ್ಕದಲ್ಲಿ ಎಷ್ಟು ಮುಂದಕ್ಕೆ ಹೊಂದಿಕೆಯಾಗುತ್ತದೆ, ಹಿಂದೆ ಸರಿದರೆ ವಿದ್ಯಾರ್ಥಿವೇತನ ಅಥವಾ ಕಚೇರಿಯ ನೆರವು ನಿಲ್ಲುತ್ತದೆಯೇ ಎಂಬುದನ್ನೂ ಲಿಖಿತವಾಗಿ ಕೇಳಿ ತಿಳಿದುಕೊಂಡು, ಗುರುವಾರ ಸಂಖ್ಯಾಶಾಸ್ತ್ರದಿಂದ ಹಿಂದೆ ಸರಿಯುವ ಅರ್ಜಿ ಹಾಕಿದರು. ಅದರ ಮುಂಚೆ, ಬುಧವಾರವೇ, ನಿರ್ವಹಣೆಯ ತರಗತಿಗೆ ಕೂತಿದ್ದರು.

ಎಂಟರಿಂದ ಹದಿನೈದನೇ ವಾರ

ಈಗ ವಾರಕ್ಕೆ 10 ಗಂಟೆ ಬೇಕು, ಹನ್ನೊಂದೂವರೆ ಇದೆ. ಮಿಗುವುದು ಒಂದೂವರೆ. ಎಂಟು ವಾರಕ್ಕೆ 12 ಗಂಟೆ. ತಪ್ಪಿಹೋದ ಐದು, ಆರು, ಏಳನೇ ವಾರಗಳ ಕೆಲಸ 30 ಗಂಟೆ. 12 ಗಂಟೆಯಲ್ಲಿ 30 ಗಂಟೆಯ ಕೆಲಸ ಆಗುವುದಿಲ್ಲ ಎಂದು ಒಪ್ಪಿಕೊಂಡು, ತಪ್ಪಿದ ಒಂದೊಂದು ವಾರಕ್ಕೆ ಮೂರರಂತೆ ಒಟ್ಟು ಒಂಬತ್ತು ಗಂಟೆಗೆ ಇಳಿಸಿದರು: ಘಟಕದ ಸಾರಾಂಶ ಓದಲು ಒಂದು ಗಂಟೆ, ಹಳೆಯ ಪ್ರಶ್ನೆಪತ್ರಿಕೆಯಿಂದ ಆ ಘಟಕದ ಎರಡು ಪ್ರಶ್ನೆಗೆ ಉತ್ತರ ಬರೆಯಲು ಎರಡು ಗಂಟೆ. ರೆಕಾರ್ಡಿಂಗ್ ನೋಡಲೇ ಇಲ್ಲ. ಉತ್ತರ ಬರೆಯುವಾಗ ಎಲ್ಲಿ ತಡವರಿಸಿದರೋ ಆ ಪುಟ ಮಾತ್ರ ತೆರೆದರು. ಉಳಿದ ಮೂರು ಗಂಟೆ ಅನಿರೀಕ್ಷಿತಕ್ಕೆ ಮೀಸಲು. ಹನ್ನೆರಡನೇ ವಾರ ಅದು ಪೂರ್ತಿ ಬಳಕೆಯಾಯಿತು.

ಚೂರು ಹೊತ್ತಿಗೂ ಒಂದು ಕೆಲಸ ಸಿಕ್ಕಿತು. ಪುಸ್ತಕ ತೆರೆಯದೆ, ಹಿಂದಿನ ದಿನ ಓದಿದ ಭಾಗದ ಐದು ಅಂಶಗಳನ್ನು ನೆನಪಿನಿಂದ ಚೀಟಿಯಲ್ಲಿ ಬರೆಯುವುದು, ಆಮೇಲೆ ಪುಸ್ತಕದೊಂದಿಗೆ ತಾಳೆ ನೋಡುವುದು. ಇದಕ್ಕೆ ಹದಿನೈದು ನಿಮಿಷ ಸಾಕು, ಮೇಜು ಬೇಕಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಠ್ಯವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಶೇ. 81ರಷ್ಟು ನೆನಪಿಟ್ಟಿದ್ದರು, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರು ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಎರಡು ಸಲ ಓದಿದವರದು ಶೇ. 42, ಬರೆದು ನೋಡಿದವರದು ಶೇ. 56. ಶನಿವಾರ ಓದಿದ್ದನ್ನು ಮುಂದಿನ ಶನಿವಾರವಷ್ಟೇ ಮತ್ತೆ ಮುಟ್ಟಬಲ್ಲ ವಿದ್ಯಾರ್ಥಿಗೆ ಆ ಒಂದು ವಾರದ ಅಂತರವೇ ಮುಖ್ಯ.

ಪರೀಕ್ಷಾ ವೇಳಾಪಟ್ಟಿ ಬಂದ ದಿನವೇ ಅದರ ಪ್ರತಿಯೊಂದಿಗೆ ಕಚೇರಿಗೆ ರಜೆ ಅರ್ಜಿ ಕೊಟ್ಟರು. ಪರೀಕ್ಷೆಯ ದಿನಕ್ಕೂ, ಹಿಂದಿನ ದಿನಕ್ಕೂ. ಎರಡನೇ ಅಸೈನ್‌ಮೆಂಟ್‌ನಲ್ಲಿ 61, ಅಂತಿಮ ಪರೀಕ್ಷೆಯಲ್ಲಿ 52 ಬಂತು. ತೂಕ ಹಾಕಿದರೆ 13.6, 12.2 ಮತ್ತು 31.2, ಒಟ್ಟು 57.

ಮುಂದಿನ ಸೆಮಿಸ್ಟರ್ ಮತ್ತು ಉಳಿದ ವರ್ಷಗಳು

ಮುಂದಿನ ಸೆಮಿಸ್ಟರ್ ಸಂಖ್ಯಾಶಾಸ್ತ್ರ ಒಂದೇ. ಕ್ರಮ ತಿರುಗಿಸಿದರು: ಮೊದಲು ಲೆಕ್ಕ ಬಿಡಿಸುವುದು, ಸಿಕ್ಕಿಬಿದ್ದ ಕಡೆ ಓದುವುದು. ದಾಸ್ತಾನು ಎಣಿಕೆ ಬೀಳುವ ವಾರವನ್ನು ಮೊದಲೇ ಖಾಲಿ ಬಿಟ್ಟರು. ಮೊದಲ ಅಸೈನ್‌ಮೆಂಟ್‌ಗೆ ಗಡುವಿನ ಎರಡು ದಿನ ಮುಂಚೆ ಐದು ದಿನದ ವಿಸ್ತರಣೆ ಕೇಳಿದರು. ಒಂದು ಸಾಲಿನ ಉತ್ತರದಲ್ಲಿ ಸಿಕ್ಕಿತು. ಅಂತಿಮ ಪರೀಕ್ಷೆಯಲ್ಲಿ 49 ಬಂತು, ಕೋರ್ಸ್ ಪಾಸಾಯಿತು.

ಆದರೆ ಸೆಮಿಸ್ಟರ್‌ಗೆ ಒಂದೇ ಕೋರ್ಸ್ ಎಂಬ ಪರಿಹಾರಕ್ಕೂ ಬೆಲೆ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 12 ಕ್ರೆಡಿಟ್ ಕಳೆದರೆ ಉಳಿದದ್ದು 108. ವರ್ಷಕ್ಕೆ ಎರಡು ಕೋರ್ಸ್‌ನಂತೆ 12 ಕ್ರೆಡಿಟ್ ಹಿಡಿದರೆ ಇನ್ನೂ ಒಂಬತ್ತು ವರ್ಷ. ನೋಂದಣಿಯ ಗರಿಷ್ಠ ಅವಧಿ ಹತ್ತು ವರ್ಷ, ಅದರಲ್ಲಿ ಒಂದು ಆಗಲೇ ಮುಗಿದಿದೆ. ಒಂದು ಕೋರ್ಸ್ ತಪ್ಪಿದರೂ ಅವಧಿ ಮೀರುತ್ತದೆ. ರಜೆಯ ಎಂಟು ವಾರದ ಕಿರು ಅವಧಿಯಲ್ಲಿ 6 ಕ್ರೆಡಿಟ್‌ನ ಕೋರ್ಸ್ ತೆಗೆದುಕೊಂಡರೆ ವಾರಕ್ಕೆ ಸುಮಾರು 19 ಗಂಟೆ, ಆಗದ ಮಾತು. 3 ಕ್ರೆಡಿಟ್‌ನ ಚಿಕ್ಕ ಕೋರ್ಸ್ ಆದರೆ 75 ಗಂಟೆ, ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ ಒಂಬತ್ತು ಚಿಲ್ಲರೆ. ಅದು ಹಿಡಿಸುತ್ತದೆ. ಹಾಗೆ ವರ್ಷಕ್ಕೆ 15 ಕ್ರೆಡಿಟ್; 108ಕ್ಕೆ ಏಳು ವರ್ಷ ಮತ್ತು ಸ್ವಲ್ಪ. ಅವಧಿಯೊಳಗೆ ಒಂದೂಮುಕ್ಕಾಲು ವರ್ಷದಷ್ಟು ಸಡಿಲ ಉಳಿಯುತ್ತದೆ.

ಪ್ರವೇಶದ ದಿನ ಆಕೆ ಅಂದುಕೊಂಡಿದ್ದು ನಾಲ್ಕೋ ಐದೋ ವರ್ಷ. ಈ ಲೆಕ್ಕವನ್ನು ಸಲಹೆಗಾರರು ಆಗಲೇ ಮುಂದಿಟ್ಟಿದ್ದರೆ ಕೆಲವರು ಸೇರದೆ ಹೋಗಬಹುದು ಎಂಬುದು ಆಡಳಿತದವರ ಅಂಜಿಕೆ. ಆದರೆ ಗೊತ್ತಿಲ್ಲದೆ ಸೇರಿ ಆರನೇ ವಾರಕ್ಕೆ ಕಳೆದುಹೋಗುವವರು ಹಣದ ಜೊತೆ ತಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಂಡು ಹೋಗುತ್ತಾರೆ. ಈ ವಿಶ್ವವಿದ್ಯಾಲಯದಲ್ಲಿ 120 ಕ್ರೆಡಿಟ್ ಆದಾಗ ಡಿಪ್ಲೊಮಾ ಪಡೆದು ನಿಲ್ಲುವ, ಬೇಕೆನಿಸಿದರೆ ಮುಂದುವರಿಯುವ ಅವಕಾಶವಿದೆ. ಆಕೆಯ ಬಳಿ ಈಗ 72 ಇವೆ. ಇನ್ನು 48, ವರ್ಷಕ್ಕೆ 15ರಂತೆ ಮೂರು ವರ್ಷ ಚಿಲ್ಲರೆ. ಮೂರನೇ ಸೆಮಿಸ್ಟರ್‌ನ ನೋಂದಣಿ ಅರ್ಜಿಯಲ್ಲಿ ಆಕೆ ಒಂದೇ ಕೋರ್ಸ್ ಬರೆದು, ಕಿರು ಅವಧಿಗೆ 3 ಕ್ರೆಡಿಟ್‌ನ ಇನ್ನೊಂದನ್ನು ಗುರುತು ಮಾಡಿಟ್ಟಿದ್ದಾರೆ.